ಚಾಚಾನ 15 ಗಂಟೆ

‘ಆಕ್ಸಿಜನ್ ಹಾಕಿದಾರಂತೆ’ ಎಂಬ ಮಾತನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹೇಳುವವರ ದನಿ ತಗ್ಗುತ್ತದೆ, ಕೇಳಿದವರು ‘ಹೌದಾ’ ಎಂದು ಸುಮ್ಮನಾಗುತ್ತಾರೆ. ಇನ್ನು ಬರುವುದು ಕೆಟ್ಟ ಸುದ್ದಿಯೇ ಎಂಬ ಅರ್ಥ ಆ ಮಾತಿಗೆ ಅಂಟಿಕೊಂಡಿದೆ. 2021ರ ಬೇಸಿಗೆ ಆ ಅಂಟನ್ನು ಇನ್ನಷ್ಟು ಬಿಗಿ ಮಾಡಿತು. ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಮೇ 11ರಂದು ಟಾಟಾನಗರದಿಂದ 120 ಟನ್ ದ್ರವ ಆಮ್ಲಜನಕ ಹೊತ್ತ ರೈಲು ವೈಟ್‌ಫೀಲ್ಡಿಗೆ ಬಂದಿಳಿದದ್ದು ಇಡೀ ಊರಿಗೇ ಸುದ್ದಿಯಾಯಿತು. ಅಲ್ಲಿಂದ ಮುಂದೆ ಆ ಪದ ಕೇಳಿದರೆ ನಮಗೆ ನೆನಪಾಗುವುದು ಸಿಲಿಂಡರ್‌ಗಾಗಿ ನಿಂತ ಸಾಲುಗಳೇ.

ಶಿವಾಜಿನಗರದ ಗುಜರಿ ಓಣಿಗಳಲ್ಲಿ ಮಾತ್ರ ಇದೇ ಪದಕ್ಕೆ ಬೇರೆ ಬದುಕಿದೆ. ಕಂಟೋನ್ಮೆಂಟಿನ ಕಸುಬುಗಳ ಭಾಷೆಯ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಪದ ಹುಡುಕುತ್ತಾ ಹೋದಾಗ ಪರಿಚಯವಾದವರು ಚಾಚಾ. ಹಳೇ ಕಾರು, ಲಾರಿಗಳನ್ನು ನಲವತ್ತು ವರ್ಷ ಗ್ಯಾಸ್ ಕಟಿಂಗ್ ಮಾಡಿದವರು. ‘ಬೆಂಕಿ ಕಬ್ಬಿಣ ಕತ್ತರಿಸಲ್ಲ ಬೇಟಾ, ಆಕ್ಸಿಜನ್ ಕತ್ತರಿಸುತ್ತೆ’ ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ. ಬೆಂಕಿ ಕಬ್ಬಿಣವನ್ನು ಕೆಂಪಗೆ ಕಾಯಿಸುತ್ತದೆ, ಅಷ್ಟೆ. ಮೇಲೆ ಆಕ್ಸಿಜನ್ ಬಿಟ್ಟಾಗ ಕಬ್ಬಿಣ ತಾನೇ ಉರಿದು ಕಿಡಿಯಾಗಿ ಉದುರುತ್ತದೆ.

ಆ ಹೊಗೆ, ಸುಟ್ಟ ಪೇಂಟು, ಜೊತೆಗೆ ಬೀಡಿ. ಎಲ್ಲ ಸೇರಿ ಚಾಚಾಗೆ ಸಿಒಪಿಡಿ ಬಂತು. ಕಳೆದ ವರ್ಷ ಮಹಡಿ ಹತ್ತುವುದೂ ಕಷ್ಟವಾಯಿತು. ಸುಮ್ಮನೆ ಕೂತಿದ್ದಾಗಲೂ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 86 ತೋರಿಸುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಮನೆಯಲ್ಲೇ ಕಾನ್ಸಂಟ್ರೇಟರ್ ಇಟ್ಟುಕೊಳ್ಳಿ, ದಿನಕ್ಕೆ ಕನಿಷ್ಠ 15 ಗಂಟೆ ಬಳಸಿ ಎಂದರು. ಚಾಚಾ ನಕ್ಕರು: ‘ನಲವತ್ತು ವರ್ಷ ನಾನು ಕಬ್ಬಿಣಕ್ಕೆ ಹಾಕ್ದೆ. ಈಗ ನಂಗೇ ಹಾಕ್ತಾವ್ರೆ.’

ಮನೆಯವರು ನಗಲಿಲ್ಲ. ನೆಂಟರು ಬಂದಾಗ ಸೊಸೆ ಮೆಷಿನ್ನಿನ ಮೇಲೆ ಚಾದರ ಹೊದಿಸುತ್ತಿದ್ದಳು. ಮೂಗಿನ ನಳಿಗೆ ತಲೆದಿಂಬಿನ ಕೆಳಗೆ ಹೋಗುತ್ತಿತ್ತು. ‘ಒಂದ್ಸಲ ಅಭ್ಯಾಸ ಆದ್ರೆ ಬಿಡೋಕಾಗಲ್ವಂತೆ’ ಎಂದು ಮಗ ಹಗಲು ಹೊತ್ತು ಆಫ್ ಮಾಡುತ್ತಿದ್ದ. ಹೀಗೆ 15 ಗಂಟೆ ಕೆಲವು ದಿನ ಎಂಟಕ್ಕೆ ಇಳಿಯುತ್ತಿತ್ತು. ನನ್ನನ್ನು ಕಾಡಿದ್ದು ಇದು. ಆ ಮನೆಯಲ್ಲಿ ಆಕ್ಸಿಜನ್‌ಗೆ ಕೊರತೆ ಇರಲಿಲ್ಲ. ಆ ಪದದ ಭಯವೇ ಅದನ್ನು ಕಡಿಮೆ ಮಾಡುತ್ತಿತ್ತು.

ಮೆಷಿನ್ ಮಾಡುವುದು ಸರಳ ಕೆಲಸ. ನಮ್ಮ ಸುತ್ತಲ ಗಾಳಿಯಲ್ಲಿ ಆಮ್ಲಜನಕ ಶೇ. 21, ಉಳಿದದ್ದು ಹೆಚ್ಚಾಗಿ ಸಾರಜನಕ. ಒಳಗಿರುವ ಜಿಯೋಲೈಟ್ ಎಂಬ ಖನಿಜದ ಹರಳುಗಳು ಸಾರಜನಕವನ್ನು ಹಿಡಿದುಕೊಂಡು ಶೇ. 90ಕ್ಕೂ ಹೆಚ್ಚು ಆಮ್ಲಜನಕವಿರುವ ಗಾಳಿಯನ್ನು ಹೊರಬಿಡುತ್ತವೆ. ಇದರಿಂದ ಹಾಳಾದ ಶ್ವಾಸಕೋಶ ರಿಪೇರಿಯಾಗುವುದಿಲ್ಲ. ಆದರೆ ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡು, ಹೃದಯದ ಬಲಭಾಗ ಸೋಲುತ್ತಾ ಹೋಗುತ್ತದೆ. ಆ ಹೊರೆ ತಗ್ಗುತ್ತದೆ. 1980 ಮತ್ತು 1981ರಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದನ್ನು ತೋರಿಸಿದವು: ರಕ್ತದಲ್ಲಿ ಆಮ್ಲಜನಕ ತೀರಾ ಇಳಿದ ಸಿಒಪಿಡಿ ರೋಗಿಗಳು ದಿನಕ್ಕೆ 15 ಗಂಟೆ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ. ರಾತ್ರಿ ಮಾತ್ರ ತೆಗೆದುಕೊಂಡವರಿಗಿಂತ ಹೆಚ್ಚುಕಡಿಮೆ ದಿನವಿಡೀ ತೆಗೆದುಕೊಂಡವರು ಹೆಚ್ಚು ಬದುಕಿದರು. ಹಾಗೆಂದು ಏದುಸಿರು ಬಿಡುವವರಿಗೆಲ್ಲ ಇದು ಬೇಕಿಲ್ಲ. ಆಮ್ಲಜನಕ ಅಷ್ಟಾಗಿ ಇಳಿಯದವರಿಗೆ ಇದರಿಂದ ಆಯುಷ್ಯ ಹೆಚ್ಚುವುದಿಲ್ಲ ಎಂದು 2016ರ ಅಮೆರಿಕದ ಅಧ್ಯಯನವೊಂದು ಹೇಳಿತು.

ಹಾಗಾದರೆ ಇದು ಔಷಧಿ. ಔಷಧಿಗೆ ಅಳತೆ ಇರುತ್ತದೆ. ಒಂದು ರಾತ್ರಿ ಉಬ್ಬಸ ಜಾಸ್ತಿಯಾಯಿತೆಂದು ಮಗ ಗಾಬರಿಯಲ್ಲಿ 2 ಲೀಟರ್‌ನಿಂದ 5ಕ್ಕೆ ತಿರುಗಿಸಿದ. ಬೆಳಿಗ್ಗೆ ಚಾಚಾಗೆ ತಲೆಸಿಡಿತ, ಮಂಪರು. ಇಂಥ ರೋಗಿಗಳಲ್ಲಿ ಆಮ್ಲಜನಕ ಅತಿಯಾದರೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯಬಹುದು, ಆಕ್ಸಿಮೀಟರ್ 88ರಿಂದ 92ರ ನಡುವೆ ಇದ್ದರೆ ಸಾಕು ಎಂದು ಡಾಕ್ಟರು ವಿವರಿಸಿದರು. ಮಗನಿಗೆ ಅದು ಪೂರ್ತಿ ಹಿಡಿಸಲಿಲ್ಲ. ಚಾಚಾಗೆ ಥಟ್ಟನೆ ಅರ್ಥವಾಯಿತು. ‘ವೆಲ್ಡಿಂಗ್‌ನಲ್ಲೂ ಹಂಗೇ. ಆಕ್ಸಿಜನ್ ಜಾಸ್ತಿ ಬಿಟ್ರೆ ಜಾಯಿಂಟ್ ಸುಟ್ಟೋಗುತ್ತೆ’ ಎಂದರು.

ಆಮೇಲೆ ಆ ಮನೆಯಲ್ಲಿ ಮೆಷಿನ್ನಿಗೆ ಮೇಸ್ತ್ರಿ ಅವರೇ ಆದರು. ನಳಿಗೆಯಿಂದ ಮೂಗು ಒಣಗುತ್ತದೆಂದು ಸೊಸೆ ವ್ಯಾಸಲಿನ್ ತಂದಾಗ ಕೈ ಅಡ್ಡ ಹಿಡಿದರು. ಎಣ್ಣೆ, ಗ್ರೀಸು ಹತ್ತಿದ ಕೈಯಲ್ಲಿ ಆಕ್ಸಿಜನ್ ವಾಲ್ವ್ ಮುಟ್ಟಬಾರದು, ಹೊತ್ತಿಕೊಳ್ಳುತ್ತದೆ ಎಂಬುದು ಗುಜರಿಯ ಮೊದಲ ನಿಯಮ. ಡಾಕ್ಟರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು, ನೀರಿನ ಅಂಶದ ಜೆಲ್ ಬಳಸಿ ಎಂದರು. ಗ್ಯಾಸ್ ಒಲೆ ಇರುವ ಕೋಣೆಗೆ ಮೆಷಿನ್ ಹೋಗುವುದಿಲ್ಲ. ಬೀಡಿ ಮನೆಯೊಳಗೆ ಬರುವುದಿಲ್ಲ. ಕರೆಂಟ್ ಹೋದರೆ ಎಂದು ಮೂಲೆಯಲ್ಲೊಂದು ಸಣ್ಣ ಸಿಲಿಂಡರ್ ಇದೆ. ಅದರಲ್ಲಿ ಸುಮಾರು 1,500 ಲೀಟರ್, ನಿಮಿಷಕ್ಕೆ ಎರಡರಂತೆ ಹನ್ನೆರಡೂವರೆ ಗಂಟೆ. ಈ ಲೆಕ್ಕವನ್ನು ಚಾಚಾ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿದ್ದಾರೆ.

ಮೆಷಿನ್ನಿನ ಮೇಲಿನ ಚಾದರವನ್ನೂ ಅವರೇ ತೆಗೆಸಿದರು. ನೋಡಲು ಬಂದವರು ದನಿ ತಗ್ಗಿಸಿದರೆ, ತಾವು ದನಿ ಎತ್ತಿ ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸುತ್ತಾರೆ. ನಳಿಗೆ ಹಾಕಿಕೊಂಡೇ ಚಹಾ ಕುಡಿಯುತ್ತಾರೆ. ರಾತ್ರಿ ಹತ್ತು ಗಂಟೆ, ಬೆಳಿಗ್ಗೆ ಎರಡು, ಮಧ್ಯಾಹ್ನ ಮೂರು ಎಂದು 15 ಗಂಟೆಯನ್ನು ಹಂಚಿಕೊಂಡಿದ್ದಾರೆ. ಸಂಜೆ ಐದಕ್ಕೆ ನಳಿಗೆ ತೆಗೆದಿಟ್ಟು, ನಿಧಾನಕ್ಕೆ ಮೆಟ್ಟಿಲಿಳಿದು ಓಣಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಪುಸ್ತಕ ತೆಗೆದು ಕಟಿಂಗ್ ಕೆಲಸದ ಹೊಸ ಪದಗಳನ್ನು ಬರೆದುಕೊಳ್ಳುವುದು ಆ ಹೊತ್ತಿನಲ್ಲೇ.