ಹಳೇ ಕಾರು, ಕ್ಲಚ್ಚಿನ ಯೋಚನೆ

ನಮ್ಮ ಹಳೇ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಈ ಮಳೆಗಾಲದಲ್ಲಿ ಕೈಕೊಡ್ತು. "ರಿಪೇರಿಗಿಂತ ಗುಜರಿಯಿಂದ ಮ್ಯಾನ್ಯುಯಲ್ ತಂದು ಕೂರಿಸೋದು ಅಗ್ಗ ಅಣ್ಣಾ" ಅಂದ ಮೆಕ್ಯಾನಿಕ್. ಬರೀ ಗೇರ್‌ಬಾಕ್ಸ್ ಸಾಲದು. ಕ್ಲಚ್, ಫ್ಲೈವೀಲ್, ಪೆಡಲ್, ಲಿವರ್, ಕೇಬಲ್ ಎಲ್ಲಾ ಬೇಕು, ಇಂಜಿನ್ ಕಂಪ್ಯೂಟರೂ ಹೊಂದಬೇಕು. ಅದೇ ಮಾಡೆಲ್ಲಿನ ಪೂರ್ತಿ ಗುಜರಿ ಕಾರು ಸಿಕ್ಕರೆ ಮಾತ್ರ ಕೈ ಹಾಕಿ. ಆರ್‌ಟಿಒ, ಇನ್ಶೂರೆನ್ಸ್‌ನವರನ್ನ ಮೊದಲೇ ಕೇಳಿ.

ಬ್ಯಾಟರಿ ಇಳಿದ್ರೆ ತಳ್ಳಿ ಸ್ಟಾರ್ಟ್ ಮಾಡಬಹುದು ಅಂತ ನನಗೂ ಆಸೆಯಿತ್ತು. ಆದ್ರೆ ಮನೆಯವಳು ಡ್ರೈವಿಂಗ್ ಕಲಿತದ್ದೇ ಈ ಕಾರಲ್ಲಿ. ನಾನು ತೋಟದಲ್ಲಿದ್ದಾಗ ಅಮ್ಮನ್ನ ಪಾಳ್ಯದಿಂದ ಆಲೂರಿಗೆ ಡಾಕ್ಟರ ಹತ್ರ ಕರ್ಕೊಂಡು ಹೋಗೋಳು ಅವಳೇ. "ಏರಲ್ಲಿ ಕ್ಲಚ್ ಬಿಡೋಕೆ ನನಗೆ ಧೈರ್ಯ ಇಲ್ಲ ಕಣ್ರೀ" ಅಂದ್ಲು.

ಹಳೇ ಗೇರ್‌ಬಾಕ್ಸನ್ನೇ ರಿಪೇರಿಗೆ ಕೊಟ್ಟೆ. ಮೆಣಸಿನ ದುಡ್ಡು ಅದಕ್ಕೇ ಹೋಯ್ತು. ಹೋಗ್ಲಿ. ನಿಮ್ಮನೇಲಿ ಕಾರು ಓಡಿಸೋರು ಯಾರು ಅಂತ ನೋಡ್ಕೊಂಡು ತೀರ್ಮಾನ ಮಾಡಿ.