ಬಸ್ಸು ಎಲ್ಲಿ ಇಳಿಸ್ತೈತೆ?

ಅಪ್ಪ, ಅವ್ವ ಬೆಂಗಳೂರಿಗೆ ಬರೋದು ಖಾತ್ರಿಯಾದ ರಾತ್ರಿ ಎರಡು ಗಂಟೆ ಕೂತು ಹೋಟೆಲ್ ಹುಡುಕಿದೆ. ನಾನಿರೋದು ಮೂರು ಜನರ ಪಿಜಿ ರೂಮು, ಅಲ್ಲಿ ಅವರನ್ನು ಉಳಿಸಿಕೊಳ್ಳುವ ಹಾಗಿಲ್ಲ. ಜಯದೇವ ಆಸ್ಪತ್ರೆಯಲ್ಲಿ ಅಪ್ಪನ ಹೃದಯ ತೋರಿಸಬೇಕಿತ್ತು. ಅದು 2025ರ ಆಗಸ್ಟ್. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಕಡೆ ಹಳದಿ ಮೆಟ್ರೋ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಆಸ್ಪತ್ರೆಯ ಹೆಸರಿನದೇ ಒಂದು ಸ್ಟೇಷನ್, ಆರ್.ವಿ. ರಸ್ತೆಯಿಂದ ಎರಡನೇದು. ಆ್ಯಪ್‌ನಲ್ಲಿ ಸಿಕ್ಕ ಹೋಟೆಲ್ ಹೇಳಿ ಮಾಡಿಸಿದಂತಿತ್ತು: ಆರ್.ವಿ. ರಸ್ತೆ ಮೆಟ್ರೋಗೆ 450 ಮೀಟರ್, ಲೊಕೇಶನ್‌ಗೆ ಹತ್ತಕ್ಕೆ ಒಂಬತ್ತು ಅಂಕ. ಬುಕ್ ಮಾಡಿ ಹೆಮ್ಮೆಯಿಂದ ಫೋನು ಮಾಡಿದೆ.

ಅಪ್ಪ ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ಅದೆಲ್ಲ ಸರಿ ತಮ್ಮಾ, ಬಸ್ಸು ಎಲ್ಲಿ ಇಳಿಸ್ತೈತೆ?”

ನಕ್ಕುಬಿಟ್ಟೆ. ನಗಬಾರದಿತ್ತು. ನ್ಯಾಮತಿಯವರಿಗೆ ಅದೇ ಮೊದಲ ಪ್ರಶ್ನೆ. ನಮ್ಮೂರಿಗೆ ರೈಲಿಲ್ಲ. ತಾಲ್ಲೂಕು ಕೇಂದ್ರವಾದ ಮೇಲೂ ಎಲ್ಲಿಗೆ ಹೋಗೋದಾದರೂ ಬಸ್ಸೇ. ಜಿಲ್ಲಾ ಕೇಂದ್ರ ದಾವಣಗೆರೆ, ಆದರೆ ಹತ್ತಿರದ ದೊಡ್ಡ ಊರು ಶಿವಮೊಗ್ಗ. ರಾತ್ರಿ ಬಸ್ಸೋ ರೈಲೋ ಹಿಡಿಯೋದಕ್ಕೂ ಅಲ್ಲಿಗೇ ಹೋಗಬೇಕು. ಅಡಿಕೆ, ಮೆಕ್ಕೆಜೋಳದ ವ್ಯವಹಾರಕ್ಕೆ ಹೋದಾಗ ಹೊತ್ತು ಮೀರಿದರೆ ಅಪ್ಪ ಲಾಡ್ಜ್ ಹಿಡಿಯುತ್ತಿದ್ದದ್ದು ಬಸ್‌ಸ್ಟ್ಯಾಂಡ್ ಕಾಣುವ ಕಡೆ ಮಾತ್ರ. ಹಾಸಿಗೆ, ಟೀವಿ ಎಲ್ಲ ಆಮೇಲೆ.

ಶಿವಮೊಗ್ಗದ ರಾತ್ರಿ ಬಸ್ಸು ಅವರನ್ನು ಮೆಜೆಸ್ಟಿಕ್‌ನಲ್ಲಿ ಇಳಿಸಿದಾಗ ಇನ್ನೂ ನಾಲ್ಕೂಮುಕ್ಕಾಲು. ಮೆಟ್ರೋ ಶುರುವಾಗಿರಲಿಲ್ಲ. ಕ್ಯಾಬ್ ಮಾಡಿಕೊಂಡು ಹೋಟೆಲಿಗೆ ಹೋದರೆ ಚೆಕ್‌-ಇನ್ ಮಧ್ಯಾಹ್ನ ಹನ್ನೆರಡಕ್ಕೆ. ಬುಕಿಂಗ್‌ನಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಬೇಗ ಕೊಡಿ ಅಂದರೆ ರೂಮು ಖಾಲಿ ಇಲ್ಲ. ಅವ್ವ ಲಾಬಿಯ ಸೋಫಾದಲ್ಲಿ ಬ್ಯಾಗು ತೊಡೆ ಮೇಲಿಟ್ಟುಕೊಂಡೇ ಕೂತಿದ್ದಳು. ಸ್ನಾನ ಮಾಡದೆ ಡಾಕ್ಟರ ಮುಂದೆ ಹೋಗೋದು ಹೇಗೆ ಅನ್ನೋದು ಅವಳ ಚಿಂತೆ.

ಏಳು ಗಂಟೆಗೆ ಮೆಟ್ರೋ ಕಡೆ ಹೊರಟೆವು. ಆ 450 ಮೀಟರು ಮ್ಯಾಪಿನಲ್ಲಿ ಎಳೆದ ನೇರ ಗೆರೆ. ಕಾಲಿಗೆ ಸಿಕ್ಕ ದಾರಿ ಬೇರೆ: ಫುಟ್‌ಪಾತ್ ಅಗೆದಿದ್ದರು, ರಸ್ತೆ ದಾಟೋಕೆ ಸುತ್ತಬೇಕಿತ್ತು. ಅಪ್ಪ ಮೂರು ಸಲ ನಿಂತರು. ಮೊದಲ ಸಲ ಹಣ್ಣಿನ ಗಾಡಿ ನೋಡುವವರ ಹಾಗೆ. ಎರಡನೇ ಸಲ ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ. ಮೂರನೇ ಸಲ ನೆವ ಹುಡುಕಲಿಲ್ಲ, ಕಾಂಪೌಂಡಿಗೆ ಕೈಯೂರಿ ಸುಮ್ಮನೆ ನಿಂತರು. ತೋಟ ಸುತ್ತಿ ಬಂದೆ ಅಂತ ದಿನಾ ಫೋನಿನಲ್ಲಿ ಹೇಳುತ್ತಿದ್ದ ಮನುಷ್ಯ ಇವರೇ. ಎಷ್ಟು ತಿಂಗಳಿಂದ ಹೀಗೆ ಅಂತ ಅವ್ವನ ಮುಖ ನೋಡಿದೆ. ಅವಳು ರಸ್ತೆ ನೋಡಿದಳು.

ಸ್ಟೇಷನ್ ತಲುಪಿದಾಗ ಒಂದು ರೈಲು ಆಗಷ್ಟೇ ಹೋಗಿತ್ತು. ಆ ದಿನಗಳಲ್ಲಿ ಹಳದಿ ಮಾರ್ಗದಲ್ಲಿ 25 ನಿಮಿಷಕ್ಕೊಂದು ರೈಲು. ಅಪ್ಪನಿಗೆ ಮಾತ್ರ ಅದೇ ಒಳ್ಳೇದಾಯಿತು, ಕೂತು ದಣಿವಾರಿಸಿಕೊಂಡರು. ಆ ದಿನವೇ ದಾಖಲು ಮಾಡಿಕೊಂಡರು, ಮರುದಿನ ಸ್ಟೆಂಟ್ ಹಾಕಿದರು.

ಮುಂದಿನ ತಪಾಸಣೆಗೆ ಬರುವಾಗ ಹೋಟೆಲ್ ಅಪ್ಪನೇ ಗೊತ್ತುಮಾಡಿದರು. ಗಾಂಧಿನಗರದ ಒಂದು ಹಳೇ ಲಾಡ್ಜು, ಆ್ಯಪ್‌ನಲ್ಲಿ ಅದರ ಫೋಟೋ ನೋಡಿದ್ದರೆ ನಾನಂತೂ ಬುಕ್ ಮಾಡುತ್ತಿರಲಿಲ್ಲ. ಆದರೆ ಬಸ್ಸಿಳಿದು ರಸ್ತೆ ದಾಟಿದರೆ ರೂಮು. ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ, ಐದು ಗಂಟೆಗೇ ಬೀಗದ ಕೈ ಕೊಟ್ಟರು. ಲಿಫ್ಟ್ ಇಲ್ಲ ಅಂತ ಮೊದಲೇ ವಿಚಾರಿಸಿ ಕೆಳಗಿನ ರೂಮೇ ಹೇಳಿದ್ದರು. ರಾತ್ರಿಯಿಡೀ ಹಾರನ್ನು, ಗೋಡೆಗೆ ಹಳೇ ಬಣ್ಣ. ಅದನ್ನು ಮೆಚ್ಚಿಕೊಳ್ಳೋಕೆ ನನಗೆ ಈಗಲೂ ಆಗಲ್ಲ.

ಅವ್ವ ಬಿಸಿನೀರಲ್ಲಿ ಸ್ನಾನ ಮಾಡಿದಳು. ಇಡ್ಲಿ ತಿಂದು ಹೊರಟಾಗ ನಾನು ಮೆಟ್ರೋ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಬದಲು ಅಂತ ಶುರುಮಾಡಿದೆ. ಬೇಗ ಹೋಗಬಹುದಿತ್ತು, ನಿಜ.

“ಇಳಿದು ಹತ್ತೋದು ಯಾಕೆ? ಬನ್ನೇರುಘಟ್ಟದ ಬಸ್ಸು ಇಲ್ಲಿಂದಲೇ ಹೊರಡ್ತೈತೆ. ಮೊದಲ ಸ್ಟಾಪಲ್ಲಿ ಹತ್ತಿದ್ರೆ ಸೀಟು ಗ್ಯಾರಂಟಿ,” ಅಂದರು ಅಪ್ಪ.

365 ಖಾಲಿ ನಿಂತಿತ್ತು. ಅಪ್ಪ ಕಿಟಕಿ ಪಕ್ಕ ಕೂತರು. ಕಂಡಕ್ಟರ್ ನಮ್ಮಿಬ್ಬರ ಹತ್ತಿರ ದುಡ್ಡು ತಗೊಂಡು, ಆಧಾರ್ ಕಾರ್ಡ್ ನೋಡಿ ಅವ್ವನಿಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟ. ಅವಳು ಅದನ್ನು ಮಡಿಸಿ, ಶಿವಮೊಗ್ಗದಿಂದ ಬಂದ ಟಿಕೆಟಿನ ಜೊತೆ ಪರ್ಸಿನಲ್ಲಿಟ್ಟುಕೊಂಡಳು.

“ಮುಂದಿನ ಸಲ ನೀನು ರಜೆ ಹಾಕಬೇಡ,” ಅಂದರು ಅಪ್ಪ, “ನಾವೇ ಹೋಗಿ ಬರ್ತೀವಿ.”