ಹೊಲದ ಉತಾರವೂ ಒಂದು ಸಾವೂ

ಪತ್ತೇದಾರಿ ಕಾದಂಬರಿಗಳನ್ನು ಓದುತ್ತ ಓದುತ್ತ ಕನ್ನಡದ ರುಚಿ ಹತ್ತಿಸಿಕೊಂಡ ತಲೆಮಾರಿನವರು ನಾವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಸೊಲ್ಲಾಪುರ ಸೀಮೆಯ ನಮ್ಮ ಹಳ್ಳಿಗೂ ಕೈಯಿಂದ ಕೈಗೆ ದಾಟಿ, ರಟ್ಟು ಹರಿದ ಸ್ಥಿತಿಯಲ್ಲಿ ಬರುತ್ತಿದ್ದನು. ಕನ್ನಡಿಗರು ಇಂದು ಎತ್ತಿ ಹಿಡಿಯುವ ಹಳದಿ–ಕೆಂಪು ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರು. ಆ ಕಾದಂಬರಿಗಳಿಗೆ ಒಂದು ಗೊತ್ತಾದ ಕ್ರಮವಿತ್ತು. ಮೊದಲ ಪ್ರಕರಣದಲ್ಲಿ ಶವ, ನಡುವೆ ಸಂಶಯಗಳ ಸರಮಾಲೆ, ಕೊನೆಯ ಪ್ರಕರಣದಲ್ಲಿ ಕೊಲೆಗಾರನ ಕೈಗೆ ಕೋಳ. ಓದಿ ಮುಗಿಸಿದ ಹುಡುಗರು ನೆಮ್ಮದಿಯಿಂದ ದೀಪ ಆರಿಸಿ ಮಲಗುತ್ತಿದ್ದೆವು.

ಭೂಮಿಗಾಗಿ ಹಳ್ಳಿಯಲ್ಲಿ ನಡೆಯುವ ಕೊಲೆಯು ಈ ಕ್ರಮವನ್ನು ಅನುಸರಿಸುವುದಿಲ್ಲ. ಅಲ್ಲಿ ಶವವು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಕಡೆಯಲ್ಲಿ. ಅದಕ್ಕೆ ಮುಂಚೆ ಎಷ್ಟೋ ಕಾಗದಗಳು ಚಾವಡಿಯಿಂದ ತಾಲೂಕಿಗೆ, ತಾಲೂಕಿನಿಂದ ಚಾವಡಿಗೆ ಓಡಾಡಿರುತ್ತವೆ. ಯಾರ ಕೈವಾಡವೆಂಬುದು ಊರಿಗೆ ಗೊತ್ತಿರುತ್ತದೆ, ಹೇಳುವವರು ಸಿಕ್ಕುವುದಿಲ್ಲ. ಕಾಗದ ಮಾತ್ರ ಯಾರ ಮುಲಾಜೂ ಇಲ್ಲದೆ ಹೇಳುತ್ತದೆ. ಆದರೆ ಅದನ್ನು ಓದಬಲ್ಲವರು ಬೇಕು. ಗಡಿಯಾಚೆಯ ಕನ್ನಡಿಗರಾದ ನಮಗೆ ಆ ಓದು ಇಮ್ಮಡಿ ಕಷ್ಟದ್ದು. ಈ ಸಮ್ಮೇಳನದ ನೆನಪಿನ ಸಂಚಿಕೆಗೆ ಬರೆಯಬೇಕೆಂದು ಸಂಘದವರು ಕೇಳಿದಾಗ, ಬಹುಕಾಲದಿಂದ ಮನಸ್ಸಿನಲ್ಲಿ ಕುಳಿತಿದ್ದ ಈ ಸಂಗತಿಯನ್ನೇ ಬರೆಯಲು ನಿಶ್ಚಯಿಸಿದೆವು.

ಕರ್ನಾಟಕದಲ್ಲಿ ಪಹಣಿ ಎನ್ನುವುದಕ್ಕೆ ನಮ್ಮ ಕಡೆ ಸಾತಬಾರಾ ಉತಾರ ಎನ್ನುತ್ತೇವೆ. ಗ್ರಾಮ ನಮೂನೆ 7 ಮತ್ತು 12 ಎರಡನ್ನೂ ಕೂಡಿಸಿ ಕೊಡುವುದರಿಂದ ಈ ಹೆಸರು. ಏಳನೆಯದರಲ್ಲಿ ಹೊಲ ಯಾರದು, ಎಷ್ಟು, ಅದರ ಮೇಲೆ ಯಾರ ಸಾಲವಿದೆ ಎಂಬ ವಿವರ. ಹನ್ನೆರಡನೆಯದರಲ್ಲಿ ಯಾವ ಬೆಳೆ ಎಂಬ ವಿವರ. ಹೊಲವು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗಬೇಕಾದರೆ ಮೊದಲು ಆರನೆಯ ನಮೂನೆಯಲ್ಲಿ, ಎಂದರೆ ಫೇರಫಾರ ಪುಸ್ತಕದಲ್ಲಿ, ದಾಖಲಾಗಬೇಕು. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯು ಇದಕ್ಕೆ ಕ್ರಮವನ್ನು ಹೇಳಿದೆ. ತಲಾಠಿಯು ನೋಂದು ಬರೆಯಬೇಕು. ಅದರ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಬೇಕು. ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು. ತಕರಾರು ಹೇಳಲು 15 ದಿನಗಳ ಅವಕಾಶವಿರಬೇಕು. ತಕರಾರು ಬಂದರೆ ವಿಚಾರಣೆ ನಡೆಯಬೇಕು. ಬರದಿದ್ದರೆ ಮಂಡಲ ಅಧಿಕಾರಿಯು ಪ್ರಮಾಣೀಕರಿಸಬೇಕು. ನಿಯಮದಲ್ಲಿ ದೋಷವಿಲ್ಲ. ಬಡವನ ಹೊಲ ಕೈಬಿಡುವುದು ಆ 15 ದಿನಗಳಲ್ಲಿ.

ಎಕರೆಗೆ 40 ಗುಂಠೆ. ಜೋಳ ಬಿತ್ತುವವನಿಗೆ ಹೊಲದ ಲೆಕ್ಕ ಎಕರೆಯಲ್ಲಿ. ಪ್ಲಾಟು ಮಾಡಿ ಮಾರುವವನಿಗೆ ಗುಂಠೆಯಲ್ಲಿ. ಹೊಸ ರಸ್ತೆ ಬರುತ್ತದೆ, ಇದ್ದ ರಸ್ತೆ ಅಗಲವಾಗುತ್ತದೆ, ಕಾರಖಾನೆಗೆ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿ ಹುಟ್ಟಿದ ದಿನವೇ ಈ ಎರಡು ಲೆಕ್ಕಗಳ ನಡುವಿನ ಅಂತರ ಬೆಳೆಯತೊಡಗುತ್ತದೆ. ಆ ಸುದ್ದಿಯು ಎಲ್ಲರಿಗೂ ಏಕಕಾಲಕ್ಕೆ ತಲಪುವುದಿಲ್ಲ. ನಕ್ಷೆಯನ್ನು ಮೊದಲು ಕಂಡವನು ದಲ್ಲಾಳಿಗೆ ಹೇಳುತ್ತಾನೆ. ದಲ್ಲಾಳಿಯು ಜೋಳದ ಹೊಲದ ದರದಲ್ಲಿ ಕೇಳಲು ಬರುತ್ತಾನೆ. ಮಾರಲು ಒಲ್ಲದವನು ದಾರಿಗೆ ಅಡ್ಡವಾಗುತ್ತಾನೆ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗೆ ಕಾರಣವನ್ನು ಹುಡುಕುತ್ತ ಪುಟಗಳು ಸವೆಯುತ್ತವೆ. ಇಲ್ಲಿ ಕಾರಣವು ನಕ್ಷೆಯ ಮೇಲೆ ಗೆರೆಯಾಗಿಯೇ ಬಿದ್ದಿರುತ್ತದೆ.

ರಸ್ತೆ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಮಳೆಗಾಲದಲ್ಲಿ ಹೆರಿಗೆಯ ಹೆಂಗಸರನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿ ಎರೆಮಣ್ಣಿನ ಕೆಸರಿನಲ್ಲಿ ಸಾಗಿಸಿದ್ದನ್ನು ಕಂಡವರು ನಾವು. ರಸ್ತೆಯನ್ನು ಬೇಡಿ ಅರ್ಜಿ ಬರೆದುಕೊಟ್ಟ ಕೈಗಳಲ್ಲಿ ನಮ್ಮದೂ ಒಂದು. ರಸ್ತೆ ಬರುವಾಗ ಅದರೊಡನೆ ಏನೇನು ಬರುತ್ತದೆಂಬುದನ್ನು ಊರು ಮುಂಚಿತವಾಗಿ ತಿಳಿದಿರಬೇಕೆಂಬುದಷ್ಟೇ ನಮ್ಮ ಮಾತು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಸಂಗತಿ. ಊರಿನ ಹೆಸರೂ ಆ ಮನೆತನದ ಹೆಸರೂ ಇಲ್ಲಿ ಬೇಡ. ರಸ್ತೆಗೆ ಹತ್ತಿದಂತೆ ಮೂರು ಎಕರೆ ಹೊಲವಿದ್ದ ರೈತನೊಬ್ಬನು ಜನವರಿ ತಿಂಗಳ ಒಂದು ಬೆಳಿಗ್ಗೆ ತನ್ನ ಹೊಲದ ಬಾವಿಯಲ್ಲಿ ಶವವಾಗಿ ದೊರೆತನು. ಬಿಳಿಜೋಳ ತೆನೆಗಟ್ಟಿದ ಕಾಲವಾದ್ದರಿಂದ ರಾತ್ರಿ ಕಾವಲಿಗೆ ಹೋಗಿದ್ದನು. ಆ ವರ್ಷ ಮಳೆ ಕೈಕೊಟ್ಟಿತ್ತು; ಬಾವಿಯಲ್ಲಿದ್ದುದು ಮೊಣಕಾಲ ಮಟ್ಟದ ನೀರು. ಚಪ್ಪಲಿಗಳೆರಡೂ ಬಾವಿಯ ದಂಡೆಯ ಮೇಲೆ ಒಂದರ ಪಕ್ಕದಲ್ಲೊಂದು ಇದ್ದವು. ಪೊಲೀಸ್ ಪಾಟೀಲನು ಠಾಣೆಗೆ ವರದಿ ಕೊಟ್ಟನು, ಪಂಚನಾಮೆ ನಡೆಯಿತು, ಕಾಲು ಜಾರಿ ಬಿದ್ದ ಆಕಸ್ಮಿಕ ಮರಣವೆಂದು ದಾಖಲಾಯಿತು. ಹುಟ್ಟಿದಾರಭ್ಯ ಆ ಬಾವಿಯ ಮೆಟ್ಟಿಲುಗಳನ್ನು ಕತ್ತಲಲ್ಲಿಯೂ ಇಳಿದು ಹತ್ತಿದವನು ಅವನು.

ಆ ಹೊಲವನ್ನು ಕೊಡುವಂತೆ ಎರಡು ವರ್ಷಗಳಿಂದ ಕೇಳುತ್ತಿದ್ದರು, ಅವನು ಒಪ್ಪಿರಲಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ತಿಂಗಳು ಕಳೆದ ಮೇಲೆ ಮಗನು ಸೊಸಾಯಿಟಿಯ ಸಾಲಕ್ಕಾಗಿ ಉತಾರ ತೆಗೆಸಿದಾಗ ಅದರಲ್ಲಿ ಬೇರೆಯವರ ಹೆಸರಿತ್ತು. ಹುಡುಗನು ಕಾಗದವನ್ನು ಹಿಡಿದುಕೊಂಡು ಶಾಲೆಗೆ ಬಂದು, "ಸರ್, ಇದರಾಗ ಏನ್ ಬರದಾರ ನೋಡ್ರಿ" ಎಂದನು. ಓದಿದೆವು. ಅವನ ತಂದೆಯು ಸಾಯುವ ನಾಲ್ಕು ದಿನಗಳ ಮುಂಚೆ ಮುಖತ್ಯಾರಪತ್ರ ಬರೆದುಕೊಟ್ಟಂತೆಯೂ, ಎರಡು ದಿನಗಳ ಮುಂಚೆ ಆ ಮುಖತ್ಯಾರನು ಹೊಲವನ್ನು ಮಾರಿದಂತೆಯೂ ಕಾಗದಗಳಿದ್ದವು. ಫೇರಫಾರದ ನೋಟೀಸು ಮನೆಯಲ್ಲಿ ಸೂತಕವಿದ್ದಾಗ ಬಂದಿತ್ತು. ಮರಾಠಿಯ ಆ ಹಾಳೆಯನ್ನು ವಾರಸುದಾರರ ಹೆಸರು ಹಚ್ಚುವ ಕಾಗದವೆಂದು ತಿಳಿದು ವಿಧವೆಯು ಹೆಬ್ಬೆಟ್ಟು ಒತ್ತಿ ತೆಗೆದುಕೊಂಡಿದ್ದಳು. 15 ದಿನಗಳು ಅಲ್ಲಿಯೇ ಕಳೆದುಹೋಗಿದ್ದವು.

ಮುಖತ್ಯಾರಪತ್ರದ ನಕಲನ್ನು ತರಿಸಿ ನೋಡಿದಾಗ ನಮಗೆ ಹೊಳೆದದ್ದು ಬೇರೆಯೇ ಸಂಗತಿ. ಸಹಿಯ ಸ್ಥಳದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಆ ರೈತನಿಗೆ ಸಹಿ ಬರುತ್ತಿತ್ತು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು ಆರಂಭವಾದ ಮೇಲೆ ನಾವು ನಡೆಸಿದ ರಾತ್ರಿ ಶಾಲೆಯಲ್ಲಿ ಕಲಿತವನು ಅವನು. ಕಂದೀಲಿನ ಮುಂದೆ ಕುಳಿತು, ನೇಗಿಲು ಹಿಡಿದು ಬಿರುಸಾದ ಬೆರಳುಗಳಿಂದ ತನ್ನ ಹೆಸರನ್ನು ಕನ್ನಡದಲ್ಲಿ ತಿದ್ದಿ ತಿದ್ದಿ ಕಲಿತಿದ್ದನು. ಕಲಿತ ಮೇಲೆ ಹೆಬ್ಬೆಟ್ಟು ಒತ್ತುವುದೆಂದರೆ ಅವನಿಗೆ ಅಪಮಾನ. ಮಕ್ಕಳ ಪ್ರಗತಿಪತ್ರಕಗಳ ಮೇಲೆ ಪಾಲಕರ ಸಹಿಯ ಸ್ಥಳದಲ್ಲಿ ಅವನ ಸಹಿ ವರ್ಷವರ್ಷವೂ ಇತ್ತು. ಶಾಲೆಯ ದಫ್ತರದಲ್ಲಿ ಅವು ಉಳಿದಿದ್ದವು.

ಆ ಪತ್ರಕಗಳನ್ನು ತೆಗೆದುಕೊಂಡು ಫೌಜದಾರರ ಬಳಿಗೆ ಹೋದೆವು. ಅವರು ಸೌಜನ್ಯದಿಂದ ಕೂರಿಸಿ, ಚಹಾ ತರಿಸಿ, ಹೇಳಿಕೆಯನ್ನು ಬರೆದುಕೊಂಡರು. ಪತ್ರ ಬರೆದವನನ್ನು ಕರೆಸಿ ಕೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: "ಕಾನಡಿ ಸಹಿ ಇಲ್ಲಿ ಯಾರಿಗೆ ಓದಾಕ ಬರತೈತ್ರಿ? ಅದಕ್ಕ ಹೆಬ್ಬೆಟ್ಟು ಒತ್ತಿಸಿದೆ." ಆ ಉತ್ತರವನ್ನು ಯಾರೂ ಅಲ್ಲಗಳೆಯಲಿಲ್ಲ. ಏಕೆಂದರೆ ಅದು ನಂಬತಕ್ಕ ಉತ್ತರವೇ ಆಗಿತ್ತು. ಕನ್ನಡದಲ್ಲಿ ಸಹಿ ಮಾಡಿ ಬೈಸಿಕೊಂಡು, ಕೊನೆಗೆ ಹೆಬ್ಬೆಟ್ಟು ಒತ್ತಿ ಬಂದವರು ನಮ್ಮ ಊರುಗಳಲ್ಲಿ ಬಹಳ ಜನ. ಆ ಹೆಬ್ಬೆಟ್ಟು ಅವನದೋ ಅಲ್ಲವೋ, ಅವನದೇ ಆದರೆ ಯಾವ ಸ್ಥಿತಿಯಲ್ಲಿ ಒತ್ತಿದ್ದು ಎಂಬುದನ್ನು ಪರೀಕ್ಷಿಸುವ ಕಾಲ ಮೀರಿತ್ತು. ಅಷ್ಟರಲ್ಲಿ ಅವನು ಮಣ್ಣು ಸೇರಿದ್ದನು. ಮಕ್ಕಳು ಪ್ರಾಂತಾಧಿಕಾರಿಗಳಿಗೆ ಮೇಲ್ಮನವಿ ಮಾಡಿದರು, ದಿವಾಣಿ ನ್ಯಾಯಾಲಯಕ್ಕೂ ಹೋದರು. ಹನ್ನೊಂದು ವರ್ಷ ಅಲೆದು ದಣಿದು, ಕೊನೆಗೆ ರಾಜಿಯಾಗಿ ಒಂದಿಷ್ಟು ಹಣ ತೆಗೆದುಕೊಂಡರು. ಹಿರಿಯವನು ದುಡಿಯಲು ಪುಣೆಗೆ ಹೋದನು. ಹೊಲದಲ್ಲಿ ಈಗ ಬಿಳಿಯ ಗೂಟಗಳ ನಡುವೆ ಮನೆಗಳು ಎದ್ದಿವೆ, ಬಾವಿಯನ್ನು ಮುಚ್ಚಿದ್ದಾರೆ.

ಇದು ಮೂಲೆಯ ಹಳ್ಳಿಯೊಂದರ ದುರ್ದೈವವೆಂದು ಯಾರೂ ತಳ್ಳಿಹಾಕಬಾರದು. ಕಾಗದ ಓದಬಲ್ಲವರಿಗೂ ರಕ್ಷಣೆ ಸಿಕ್ಕದ ನಿದರ್ಶನ ನಮ್ಮ ರಾಜ್ಯದಲ್ಲಿಯೇ ಇದೆ. ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಯ ಸತೀಶ ಶೆಟ್ಟಿಯವರು 2005ರ ಮಾಹಿತಿ ಹಕ್ಕಿನ ಕಾಯಿದೆಯನ್ನು ಬಳಸಿ, ಮುಂಬಯಿ–ಪುಣೆ ದ್ರುತಗತಿ ಮಾರ್ಗದ ಆಸುಪಾಸಿನ ಭೂವ್ಯವಹಾರಗಳನ್ನು ಬಯಲಿಗೆ ಎಳೆದವರು. 2010ರ ಜನವರಿ 13ರಂದು, ಬೆಳಗಿನ ವಾಯುವಿಹಾರದ ವೇಳೆಯಲ್ಲಿ, ಮುಸುಕುಧಾರಿಗಳು ಅವರನ್ನು ಕೊಂದರು. ಮುಂಬಯಿ ಉಚ್ಚ ನ್ಯಾಯಾಲಯವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ತನಿಖೆಯು ಸಿ.ಬಿ.ಐ.ಗೆ ಹೋಯಿತು. 2014ರಲ್ಲಿ ಸಿ.ಬಿ.ಐ. ಮುಕ್ತಾಯದ ವರದಿ ಸಲ್ಲಿಸಿತು. ಮತ್ತೆ ತನಿಖೆಯನ್ನು ತೆರೆದು 2016ರಲ್ಲಿ ಪೊಲೀಸ್ ಅಧಿಕಾರಿಗಳನ್ನೂ ಬಂಧಿಸಿತು. 2018ರಲ್ಲಿ ಸಾಕ್ಷ್ಯ ಸಾಲದೆಂದು ಎರಡನೆಯ ಬಾರಿ ಮುಕ್ತಾಯದ ವರದಿ ಕೊಟ್ಟಿತು. ಭ್ರಷ್ಟಾಚಾರವನ್ನು ಬಯಲು ಮಾಡುವವರ ರಕ್ಷಣೆಗೆಂದು ಸಂಸತ್ತು ಅಂಗೀಕರಿಸಿದ ಕಾಯಿದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತರೂ, ವರ್ಷಗಳು ಉರುಳಿದರೂ ಅದು ಜಾರಿಗೆ ಬರಲಿಲ್ಲ.

ಒಬ್ಬನೇ ಓದಬಲ್ಲವನಾದರೆ ಅವನ ಜೀವಕ್ಕೆ ಅಪಾಯ. ಊರೆಲ್ಲ ಓದಬಲ್ಲದ್ದಾದರೆ ಯಾರನ್ನೆಂದು ಕೊಲ್ಲುವರು? ಈ ಎರಡೂ ಪ್ರಸಂಗಗಳಿಂದ ನಮಗೆ ತಿಳಿದುಬಂದ ಪಾಠ ಇದು.

ಇಲ್ಲಿಯೇ ನಮ್ಮ ಭಾಷೆಯ ಪ್ರಶ್ನೆ ಬರುತ್ತದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡ ಶಾಲೆಗಳು ಉಳಿಯಬೇಕೆಂದು ಪ್ರತಿ ಸಮ್ಮೇಳನದಲ್ಲಿ ನಿರ್ಣಯ ಮಾಡುತ್ತೇವೆ, ಮಾಡಲೇಬೇಕು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವಿರಬೇಕೆನ್ನುತ್ತದೆ. ಆದರೆ ಹೊಲದ ಕಾಗದವಿರುವುದು ಮರಾಠಿಯಲ್ಲಿ. ಕಾಸರಗೋಡಿನವರಿಗೆ ಅದು ಮಲೆಯಾಳದಲ್ಲಿ, ಹೊಸೂರು–ತಾಳವಾಡಿಯವರಿಗೆ ತಮಿಳಿನಲ್ಲಿ, ಮಡಕಶಿರಾ–ರಾಯದುರ್ಗದವರಿಗೆ ತೆಲುಗಿನಲ್ಲಿ. ನೆರೆಭಾಷೆಯೊಡನೆ ನಮಗೆ ಜಗಳವಿಲ್ಲ. ಮರಾಠಿಯನ್ನು ಮನೆಮಾತಿನಂತೆಯೇ ಆಡುವವರು ನಾವು. ಆದರೂ ಆಡುವ ಮರಾಠಿ ಬೇರೆ, ಕಚೇರಿಯ ಮರಾಠಿ ಬೇರೆ. ತಾಬಾ, ಬೋಜಾ, ಕುಳ, ಇತರ ಅಧಿಕಾರ ಎಂಬ ಶಬ್ದಗಳ ಅರ್ಥವನ್ನು ಮರಾಠಿ ಶಾಲೆಯ ಮಕ್ಕಳಿಗೂ ಯಾರೂ ಕಲಿಸುವುದಿಲ್ಲ. ಹೀಗಿರಲು ಕನ್ನಡ ಶಾಲೆಯ ಮಗುವಿನ ಪಾಡೇನು?

ನಮ್ಮ ಸಾಹಿತಿಗಳಲ್ಲಿಯೂ ಒಂದು ಮಾತಿದೆ. ಹಳ್ಳಿಯೊಂದು ಒಳಜಗಳ ಮತ್ತು ಸ್ವಾರ್ಥಗಳಿಂದ ಒಡೆದುಹೋಗುವ ಬಗೆಯನ್ನು ರಾವಬಹಾದ್ದೂರರು ‘ಗ್ರಾಮಾಯಣ’ದಲ್ಲಿ 1957ರಲ್ಲಿಯೇ ಚಿತ್ರಿಸಿದರು. ಅಂದಿನ ಹಳ್ಳಿಯಲ್ಲಿ ಪ್ಲಾಟಿನ ಗೂಟಗಳಿರಲಿಲ್ಲ. ಸೂರತ್–ಚೆನ್ನೈ ಹೆದ್ದಾರಿಯ ನಕ್ಷೆಯು ಅಕ್ಕಲಕೋಟೆ ತಾಲೂಕನ್ನು ಹಾಯ್ದು ಬಂದ ಕಾಲದ ಹಳ್ಳಿಯನ್ನು ಬರೆಯಬೇಕಾದವರು ಇಂದಿನ ತರುಣರು. ಪತ್ತೇದಾರಿ ಕಥೆಯ ಕುತೂಹಲವೂ ಗ್ರಾಮಜೀವನದ ಸತ್ಯವೂ ಒಂದೇ ಕೃತಿಯಲ್ಲಿ ಕೂಡಿ ಬರಲು ಇದಕ್ಕಿಂತ ತಕ್ಕ ವಸ್ತುವಿಲ್ಲ. ಚಾವಡಿಯ ದಫ್ತರವನ್ನು ಓದಲು ಬಾರದವರು ಆ ಕಾದಂಬರಿಯನ್ನು ಬರೆಯಲಾರರು.

ಕಾದಂಬರಿ ಬರುವವರೆಗೆ ಸಂಘವು ಮಾಡಬಹುದಾದ ಕೆಲಸ ಚಿಕ್ಕದು. ಉತಾರದ ಪ್ರತಿಯೊಂದು ಕಲಮಿಗೂ ಕನ್ನಡದಲ್ಲಿ ಅರ್ಥ ಬರೆದ ನಾಲ್ಕು ಪುಟಗಳ ಕೈಹೊತ್ತಿಗೆಯೊಂದನ್ನು ಅಚ್ಚು ಹಾಕಿಸಬಹುದು. ಕನ್ನಡ ಶಾಲೆಗಳ ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ವರ್ಷದಲ್ಲಿ ಒಂದು ಶನಿವಾರ ತಮ್ಮ ತಮ್ಮ ಮನೆಯ ಉತಾರವನ್ನು ತಂದು ಶಿಕ್ಷಕರ ಎದುರು ಓದುವಂತೆ ಮಾಡಬಹುದು. ಈಗ ಅದು ಸರ್ಕಾರದ ಜಾಲತಾಣದಲ್ಲಿ ಮೊಬೈಲಿನಲ್ಲಿಯೇ ದೊರೆಯುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು; ವ್ಯಕ್ತಿಯ ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಿಸಿದ್ದಾದರೆ 48 ಗಂಟೆಗಳಲ್ಲಿ ಬರಬೇಕು. ಇದನ್ನೂ ಅದೇ ಹೊತ್ತಿಗೆಯಲ್ಲಿ ಬರೆಯಬಹುದು. ಅಂಥ ಅರ್ಜಿಗೆ ಒಬ್ಬರೇ ಸಹಿ ಮಾಡದೆ, ಹತ್ತು ಮನೆಗಳವರು ಹತ್ತು ಅರ್ಜಿಗಳನ್ನು ಹಾಕುವುದು ಲೇಸು.

ಸಮ್ಮೇಳನ ಮುಗಿಸಿ ಊರಿಗೆ ಮರಳುವ ಪ್ರತಿನಿಧಿ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಈ ವಾರದಲ್ಲಿಯೇ ತಮ್ಮ ಹೊಲದ ಉತಾರವನ್ನೂ, ನೆರೆಯಲ್ಲಿ ವಿಧವೆಯರೋ ವೃದ್ಧರೋ ಇದ್ದರೆ ಅವರ ಉತಾರವನ್ನೂ ತೆಗೆಸಿ, ಹೆಸರು ಯಾರದಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ಓದಲು ತೊಡಕಾದರೆ ಊರಿನ ಶಾಲೆಯ ಗುರುಗಳ ಬಳಿಗೆ ಒಯ್ಯಬಹುದು.